ನೋವು ಎನ್ನಬಾರದ ಕ್ಲಾಸು

ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನೆಲ ಒರೆಸಿದ ಫಿನಾಯಿಲಮ್ಮನಿಗೆ ಮನುಷ್ಯರ ಮೇಲೆ ಅಂಥ ದೊಡ್ಡ ಅಭಿಪ್ರಾಯವೇನೂ ಉಳಿದಿರಲಿಲ್ಲ. ಡಾಕ್ಟರು ಎಂದರೆ ಅವಳ ಪಾಲಿಗೆ ನೆಲ ಒದ್ದೆ ಇರುವುದು ಕಂಡರೂ ಬೂಟುಗಾಲಲ್ಲೇ ಮಧ್ಯೆ ನಡೆದುಹೋಗುವವರು. ಗಂಡಂದಿರು ಎಂದರೆ ಹೆಂಡತಿ ಒಳಗೆ ನರಳುತ್ತಿರುವಾಗ ಹೊರಗಿನ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುವವರು. ಇನ್ನು ಅತ್ತೆಯಂದಿರ ಸುದ್ದಿಯನ್ನು ಎತ್ತುವುದೇ ಬೇಡ. ನಮ್ಮ ಕಾಲದಲ್ಲಿ ನೆಲ ಒರೆಸಿಕೊಂಡೇ ಸಲೀಸಾಗಿ ಹೆತ್ತೆವು ಎನ್ನುವ ಅತ್ತೆಗೆ ಬೇಕಾದದ್ದು ಸೊಸೆಯ ಸಲೀಸು ಹೆರಿಗೆಯಲ್ಲ, ಪುಕ್ಕಟೆ ಒರೆಸಿದ ನೆಲ ಎಂದು ಅವಳು ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ನೆಲ ಒರೆಸಿದ್ದರಿಂದ ಹೆರಿಗೆ ಹಗುರವಾಗುವುದಾಗಿದ್ದರೆ ತಾನು ಸೀನಿದಷ್ಟು ಸುಲಭವಾಗಿ ಹೆರಬೇಕಾಗಿತ್ತು. ಹೆತ್ತದ್ದು ಒಂದೇ ಒಂದು, ಅದೂ ಎರಡು ಹಗಲು ಬೇನೆ ತಿಂದು. ಅಷ್ಟು ಕಷ್ಟಪಟ್ಟು ಹೆತ್ತದ್ದಾದರೂ ಏನು? ಬಸ್ ನಿಲ್ದಾಣದ ಎದುರು ಬೀಗದ ಕೈ ಮಾಡಿಕೊಡುವ ಒಬ್ಬ ಮಗ. ಯಾರು ಏನು ಹೇಳಿದರೂ ಹೌದು ಎಂದು ತಲೆಯಾಡಿಸುವವನು.

ಆ ಬಸ್ ನಿಲ್ದಾಣದಿಂದಲೇ ಸೊಸೆಯೂ ಬಂದಳು. ಬಸ್ ಕಂಡಕ್ಟರ್. ಎತ್ತರದ ಹುಡುಗಿ. ಮುಂದಿನ ಬಾಗಿಲಲ್ಲಿ ನಿಂತು ಮಾತಾಡಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುವವನೂ ಚೀಟಿಗೆ ಕೈ ಚಾಚಬೇಕು, ಅಂಥ ಗಂಟಲು. ಫಿನಾಯಿಲಮ್ಮ ಇಡೀ ಊರಲ್ಲಿ ಹೀಗಳೆಯದೆ ಬಿಟ್ಟವರು ಯಾರಾದರೂ ಇದ್ದರೆ ಈ ಸೊಸೆಯೊಬ್ಬಳೇ. ಅದನ್ನೂ ಅವಳ ಎದುರು ಒಪ್ಪಿಕೊಂಡವಳಲ್ಲ.

ಸೊಸೆಗೆ ದಿನ ತುಂಬುತ್ತ ಬಂದ ಹಾಗೆ ಒಂದೇ ಒಂದು ಹೆದರಿಕೆ ಹಿಡಿಯಿತು. ಅವಳ ಅಕ್ಕನಿಗೆ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಗಾಯ ಕೀವಾಗಿ, ಆ ಅಕ್ಕ ಒಂದು ವರ್ಷ ತನ್ನ ಮಗುವನ್ನು ತಾನೇ ಎತ್ತಿಕೊಳ್ಳಲಾಗದೆ, ಬೇರೆಯವರು ತಂದು ಮಡಿಲಿಗೆ ಹಾಕಲಿ ಎಂದು ಕಾಯುತ್ತ ಕೂತಿದ್ದಳು. ಅದನ್ನು ಕಣ್ಣಾರೆ ಕಂಡವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ. ಹೊಟ್ಟೆಗೆ ಕತ್ತಿ ತಾಗದೆ ಮಗು ಆಗಬೇಕು, ಆದ ದಿನವೇ ತಾನೇ ಎದ್ದು ಅದನ್ನು ಎತ್ತಿಕೊಳ್ಳಬೇಕು. ಮಗುವಿನ ತಲೆ ಕೆಳಗೇ ಇದೆ, ಎಲ್ಲ ಸರಿಯಾಗಿದೆ, ನೋಡೋಣ ಎಂದು ಡಾಕ್ಟರು ಹೇಳಿದ್ದರು. ಆ ‘ನೋಡೋಣ’ ಎನ್ನುವ ಮಾತು ಹುಡುಗಿಯ ನಿದ್ದೆ ಕೆಡಿಸಿತು. ನಿದ್ದೆ ಕೆಟ್ಟವಳನ್ನು ಉಸಿರು ಮೇಡಂ ಹಿಡಿದುಕೊಂಡಳು.

ಉಸಿರು ಮೇಡಂ ಎಂದರೆ, ಕನ್ನಡಕದ ಅಂಗಡಿಯ ಮಹಡಿಯಲ್ಲಿ ಸಹಜ ಹೆರಿಗೆಗೆ ಮೈ ಪಳಗಿಸುವ ಕ್ಲಾಸು ನಡೆಸುವವಳು. ಗೋಡೆಯುದ್ದಕ್ಕೂ ಕನ್ನಡಿ, ನೆಲಕ್ಕೆ ಚಾಪೆ, ಮೂಲೆಯಲ್ಲಿ ಕೂತು ಪುಟಿಯುವುದಕ್ಕೆ ಕುಂಬಳಕಾಯಿಯ ಅಜ್ಜನಷ್ಟಿರುವ ರಬ್ಬರ್ ಚೆಂಡುಗಳು. ಎಂಟು ಜನ ಬಸುರಿಯರು ಸಾಲಾಗಿ ಕೂತು ಮೂಗಲ್ಲಿ ಎಳೆದು ಬಾಯಲ್ಲಿ ಬಿಡುತ್ತಿದ್ದರು. ಗಂಡಂದಿರು ಬೆನ್ನಿಗೆ ಕೂತು ಸೊಂಟ ನೀವಬೇಕಿತ್ತು. ಫಿನಾಯಿಲಮ್ಮನ ಮಗ, ಆ ಬೀಗದವನು, ಕ್ಲಾಸಿಗೇ ಮೊದಲಿಗನಾದ. ಹೆಂಡತಿಗಿಂತ ಜೋರಾಗಿ ಉಸಿರುಬಿಟ್ಟು ಮೇಡಂ ಕೈಯಲ್ಲಿ ಹೊಗಳಿಸಿಕೊಂಡು ಬಂದ. ಮನೆಯಲ್ಲೂ ಅದೇ ಶುರುವಾಯಿತು. ದಿನಕ್ಕೆ ಆರು ಖರ್ಜೂರ, ಯಾವುದೋ ಎಲೆ ಹಾಕಿ ಕುದಿಸಿದ ಕಷಾಯ, ಮಲಗುವ ಮುಂಚೆ ಎಣ್ಣೆ, ಗೋಡೆಗೆ ಒರಗಿ ಪಾದಕ್ಕೆ ಪಾದ ಸೇರಿಸಿ ತೊಡೆ ಪಟಪಟ ಆಡಿಸುವುದು. ಬೀಗದವನು ಎದುರು ಕೂತು ಎಣಿಸುತ್ತಿದ್ದ. ನಲವತ್ತರ ಮೇಲೆ ಎಣಿಕೆ ತಪ್ಪುತ್ತಿತ್ತು.

ಅಲ್ಲಿ ಕಲಿಸಿದ್ದೆಲ್ಲ ಸುಳ್ಳು ಎಂದು ಫಿನಾಯಿಲಮ್ಮ ಎನ್ನುತ್ತಿರಲಿಲ್ಲ. ನಡೆದಾಡು, ಕುಕ್ಕರಗಾಲಲ್ಲಿ ಕೂರು, ಎಡಮಗ್ಗುಲಿಗೆ ಮಲಗು, ಹೆದರಿ ಮೈ ಬಿಗಿಹಿಡಿಯಬೇಡ ಎನ್ನುವುದೆಲ್ಲ ಸರಿಯೇ. ಅದನ್ನು ಅವಳು ವಾರ್ಡಿನ ಮುದುಕಿ ನರ್ಸುಗಳ ಬಾಯಲ್ಲಿ ಎಂದೋ ಕೇಳಿದ್ದಳು. ಅವಳಿಗೆ ಮೈ ಉರಿಯುತ್ತಿದ್ದದ್ದು ಹೆಸರುಗಳನ್ನು ಕೇಳಿ. ಮನುಷ್ಯರು ಹುಟ್ಟಿದಾಗಿನಿಂದ ದಿನಾ ಬೆಳಗ್ಗೆ ಕಕ್ಕಸಿನಲ್ಲಿ ಕೂರುವ ಹಾಗೆ ಕೂತರೆ ಅದಕ್ಕೆ ‘ಬೇರಿನ ಭಂಗಿ’. ಎಡಮಗ್ಗುಲಿಗೆ ಹೊರಳಿದರೆ ‘ನದಿಯ ಭಂಗಿ’. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ಆ ಮಹಡಿಯ ಮೇಲೆ ನೋವು ಎನ್ನುವ ಮಾತನ್ನೇ ಆಡಬಾರದು. ಮಾತು ಕೇಳಿದರೆ ಮೈ ಹೆದರುತ್ತದಂತೆ. ಅದನ್ನು ‘ಅಲೆ’ ಎನ್ನಬೇಕು. ಬಾಯಿ ತಪ್ಪಿ ನೋವು ಎಂದವರು ಎದ್ದು ನಿಂತು ಮೂರು ಸಲ ಉಸಿರು ಎಳೆದು ಬಿಟ್ಟು ಕೂರಬೇಕು, ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳ ಹಾಗೆ. ಕಂಡಕ್ಟರ್ ಹುಡುಗಿ ಒಂದು ದಿನವೂ ಎದ್ದು ನಿಂತವಳಲ್ಲ. ನಿಯಮ ಎಂದರೆ ನಿಯಮ ಎಂದು ನಡೆಯುವವಳು ಅವಳು.

“ಮೇಡಂಗೆ ಮೂರು ಹೆರಿಗೇಲೂ ನೋವೇ ಇರ್ಲಿಲ್ವಂತೆ ಅತ್ತೆ,” ಎಂದಳು ಒಂದು ಸಂಜೆ, ತೊಡೆ ಆಡಿಸುತ್ತ. “ಬರೀ ಅಲೆಯಂತೆ.”

“ಅಲೆ ಬರೋದಕ್ಕೆ ಅವಳೇನು ಸಮುದ್ರ ಹೆತ್ತಳಾ?”

ಬೀಗದವನಿಗೆ ಎಣಿಕೆ ತಪ್ಪಿತು. ಸೊಸೆ ನಕ್ಕಳು. ಫಿನಾಯಿಲಮ್ಮನಿಗೆ ಮುಂದಕ್ಕೆ ಹೇಳುವುದಾಗಿದ್ದರೆ ಬೇಕಾದಷ್ಟಿತ್ತು. ಆ ಮೇಡಂನ ಮೂರು ಹೆರಿಗೆಗೂ ಕೋಣೆ ಒರೆಸಿದವಳು ಇವಳೇ. ಮೂರೂ ಮೊದಲೇ ದಿನ ಗೊತ್ತುಮಾಡಿಕೊಂಡು ಬಂದ ಆಪರೇಷನ್ನು. ಎರಡನೆಯದರಲ್ಲಿ ಬೆನ್ನಿಗೆ ಸೂಜಿ ತಾಗುವ ಮೊದಲೇ ಮೇಡಂ ಕೂಗಿದ ಕೂಗಿಗೆ ಕೆಳಗಿನ ಔಷಧಿ ಅಂಗಡಿಯವನು ಮೆಟ್ಟಿಲು ಹತ್ತಿ ಬಂದಿದ್ದ. ಆಪರೇಷನ್ ಆದದ್ದು ತಪ್ಪೆಂದು ಫಿನಾಯಿಲಮ್ಮ ಎನ್ನುವವಳಲ್ಲ. ಆದದ್ದನ್ನು ಅಲೆ ಎಂದು ಮಾರುವುದನ್ನು ಕಂಡರೆ ಅವಳಿಗೆ ಉಗಿಯಬೇಕೆನಿಸುತ್ತಿತ್ತು. ಆದರೆ ಹೆರಿಗೆ ಕೋಣೆಯಲ್ಲಿ ಕಂಡದ್ದನ್ನು ಅವಳು ತನ್ನ ಚಪ್ಪಲಿಗೆ ಅಂಟಿಸಿಕೊಂಡು ಹೊರಗೆ ತಂದವಳಲ್ಲ. ಅದೊಂದು ವಿಷಯದಲ್ಲಿ ತನ್ನನ್ನು ತಾನೇ ಮೆಚ್ಚಿಕೊಂಡಿದ್ದಳು. ಹಾಗಾಗಿ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ನಕ್ಕಳು. ಆ ತಿಂಗಳು ಪೂರ್ತಿ ಅಷ್ಟೇ ಆಯಿತು, ಕ್ಲಾಸಿನ ಸುದ್ದಿ ಬಂದಾಗಲೆಲ್ಲ ಒಂದು ಚುಚ್ಚುಮಾತು, ಒಂದು ನಗು.

ಒಂದು ದಿನ ಬೆಳಗ್ಗೆ ಅತ್ತೆ ಕೆಲಸಕ್ಕೆ ಹೋದ ಮೇಲೆ, ಏಳು ಗಂಟೆಯ ಸುಮಾರಿಗೆ ಸೊಸೆಗೆ ಶುರುವಾಯಿತು. ಅವಳು ಮೇಡಂ ಹೇಳಿಕೊಟ್ಟ ಹಾಗೆ ನಡೆದಾಡಿದಳು, ಕುಕ್ಕರಗಾಲಲ್ಲಿ ಕೂತಳು, ಉಸಿರೆಳೆದಳು. ಒಂಬತ್ತಕ್ಕೆ ಬೀಗದವನು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆತಂದ. ಹೆರಿಗೆ ವಾರ್ಡಿನ ಮೇಜಿಗೆ ಆ ವಾರವೇ ಬೇರೆ ಕಡೆಯಿಂದ ಬಂದ ಸಿಸ್ಟರ್ ಕೂತಿದ್ದಳು. ಅವಳಿಗೆ ಇವರು ಯಾರೆಂದು ಗೊತ್ತಿಲ್ಲ, ಒಳಗಡೆ ಇಬ್ಬರು ಹೆಂಗಸರು ಚಾವಣಿ ಹಾರುವ ಹಾಗೆ ಅರಚುತ್ತಿದ್ದಾರೆ. ತಲೆ ಎತ್ತದೆ ನೋವು ಬಂದಿದೆಯಾ ಎಂದು ಕೇಳಿದಳು. ಇಲ್ಲ ಎಂದಳು ಸೊಸೆ. ನೀರು ಹೋಗಿದೆಯಾ? ಇಲ್ಲ. ಮತ್ತೆ ಯಾಕೆ ಬಂದಿರಿ ಎಂದರೆ, ಅಲೆ ಬರುತ್ತಿದೆ, ಬಂದು ಬಂದು ಹೋಗುತ್ತಿದೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಸಿಸ್ಟರ್ ಇಬ್ಬರ ಮುಖವನ್ನೂ ಒಂದು ಸಲ ನೋಡಿ, ಚೀಟಿಯಲ್ಲಿ ‘ತಲೆ ಸುತ್ತು’ ಎಂದು ಬರೆದು, ರಕ್ತದೊತ್ತಡ ನೋಡಿಸಿಕೊಳ್ಳುವ ಸಾಲಿನಲ್ಲಿ ಹದಿನಾಲ್ಕನೆಯವಳಾಗಿ ಕೂರಿಸಿಬಿಟ್ಟಳು. ಅತ್ತೆಯ ಹೆಸರು ಹೇಳಿ ಸಾಲು ದಾಟುವುದು ಆ ನಿಯಮದ ಹುಡುಗಿಗೆ ಹೊಳೆಯಲೂ ಇಲ್ಲ. ಅರಚದವರು ಕಾಯಬಹುದು ಎನ್ನುವುದು ಆ ಮೇಜಿನ ತಿಳಿವಳಿಕೆ.

ಮೇಲಿನ ಮಹಡಿ ಮುಗಿಸಿ ಫಿನಾಯಿಲಮ್ಮ ಆ ಪಡಸಾಲೆಗೆ ಇಳಿದಾಗ ಹತ್ತೂವರೆ. ಬೆಂಚಿನ ಕೆಳಗೆ ಒರೆಸುವಾಗ ಅವಳು ಮುಖ ನೋಡುವವಳಲ್ಲ. ಕಾಲೆತ್ತಿ, ಕಾಲೆತ್ತಿ ಎನ್ನುತ್ತ ಹೋಗುವುದು. ಒಂದು ಜೊತೆ ಕಾಲು ಎತ್ತಲಿಲ್ಲ. ಬೆರಳುಗಳು ಒಳಕ್ಕೆ ಮಡಚಿ ಚಪ್ಪಲಿಯನ್ನು ಕೊಕ್ಕೆ ಹಾಕಿದ ಹಾಗೆ ಹಿಡಿದಿದ್ದವು. ಸ್ವಲ್ಪ ಹೊತ್ತಿಗೆ ಸಡಿಲವಾದವು. ಅವಳು ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಎರಡು ಸಲ ಹಿಂಡುವುದರೊಳಗೆ ಮತ್ತೆ ಮಡಚಿಕೊಂಡವು. ಮೂವತ್ತೊಂದು ವರ್ಷ ಬರೀ ಕಾಲುಗಳನ್ನೇ ನೋಡಿದವಳಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಯಾವಳಪ್ಪಾ ಈ ದಡ್ಡಿ, ಇಲ್ಲಿ ಕೂತಿದ್ದಾಳಲ್ಲ ಎಂದುಕೊಂಡು ತಲೆ ಎತ್ತಿದರೆ, ಸೊಸೆ. ಕಣ್ಣು ಮುಚ್ಚಿ, ಬೆವರಲ್ಲಿ ತೊಯ್ದು, ತುಟಿಯ ಮೇಲೆ ಕ್ಲಾಸಿನಲ್ಲಿ ಕಲಿತ ಮುಗುಳ್ನಗೆ ಹಚ್ಚಿಕೊಂಡಿದ್ದಾಳೆ. ಪಕ್ಕದಲ್ಲಿ ಬೀಗದವನು ಮಂಡಿಯೂರಿ ಕೂತು, ಮೇಡಂ ಹೇಳಿಕೊಟ್ಟ ಹಾಗೆ ಹೂ ಅರಳುತ್ತಿದೆ, ಹೂ ಅರಳುತ್ತಿದೆ ಎನ್ನುತ್ತಿದ್ದಾನೆ.

“ಎಷ್ಟೊತ್ತಿಂದ ಇದು?”

“ಏಳು ಗಂಟೆಯಿಂದ ಅಲೆ, ಅತ್ತೆ.”

“ಸಿಸ್ಟರ್ ಹತ್ರ ಏನಂದೆ?”

“ನೋವಿಲ್ಲ ಅಂದೆ.”

ಫಿನಾಯಿಲಮ್ಮ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. “ನೋವಿಲ್ವಾ ನಿನಗೆ?”

“ಅಮ್ಮಾ, ಆ ಮಾತು ಆಡಬಾರ್ದು,” ಎಂದ ಮಗ. “ಮೈ ಬಿಗಿಯತ್ತೆ.”

“ನೀನು ಬಾಯಿ ಮುಚ್ಕೊಂಡು ಉಸಿರಾಡು. ಅವಳನ್ನ ಕೇಳ್ತಿದೀನಿ.”

ಸೊಸೆ ಕಣ್ಣು ತೆರೆದು ಅತ್ತೆಯನ್ನು ನೋಡಿದಳು. ಮುಗುಳ್ನಗೆ ಒಂದು ಕಡೆಯಿಂದ ಕಳಚಿ ಬಿತ್ತು. “ಇದೆ ಅತ್ತೆ. ಸೊಂಟ ಮುರಿದು ಬೀಳೋ ಹಾಗಿದೆ. ಅಂದ್ಬಿಟ್ರೆ ಹೊಟ್ಟೆ ಕೊಯ್ತಾರೇನೋ ಅಂತ...”

“ಅನ್ನದಿದ್ರೆ ಕೊಯ್ತಾರೆ ಕಣೇ. ಏಳು. ಮೇಜಿನ ಹತ್ರ ಹೋಗಿ ನೀನೇ ಹೇಳು.”

ಅತ್ತೆಯ ಹೆಗಲು ಹಿಡಿದು ಹುಡುಗಿ ಎದ್ದಳು. ಎರಡು ಹೆಜ್ಜೆ ಹಾಕಿ ಬಾಗಿದಳು, ಮತ್ತೆ ಎರಡು ಹೆಜ್ಜೆ. ಮೇಜಿನ ಅಂಚು ಸಿಕ್ಕ ಮೇಲೆ, ಒಂದು ತಿಂಗಳಿಂದ ಅಡಗಿಸಿಟ್ಟಿದ್ದ ಗಂಟಲನ್ನು ಬಿಟ್ಟಳು.

“ಸಿಸ್ಟರ್, ನನಗೆ ನೋವು.”

ಕೂಗಲಿಲ್ಲ, ಹೇಳಿದಳು ಅಷ್ಟೇ. ಆದರೂ ರಕ್ತದೊತ್ತಡದ ಸಾಲಿನಲ್ಲಿ ಉಳಿದಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಒಳಗೆ ಅರಚುತ್ತಿದ್ದವರಲ್ಲಿ ಒಬ್ಬಳು ಬಾಯಿ ಮುಚ್ಚಿದಳು. ಸಿಸ್ಟರ್ ಪೆನ್ನು ಕೆಳಗಿಟ್ಟಳು.

ಹೆರಿಗೆ ಕೋಣೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಗರ್ಭದ ಬಾಯಿ ಎಂಟು ಸೆಂಟಿಮೀಟರ್ ತೆರೆದುಕೊಂಡಿದೆ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಎಲ್ಲರನ್ನೂ ಒಟ್ಟಿಗೆ ಬೈದರು. ಮಗುವಿನ ಎದೆಬಡಿತ ಕೇಳುವ ಯಂತ್ರ ಇಟ್ಟರೆ ಸದ್ದು ನಿಧಾನಕ್ಕೆ ಬಂತು, ಬರಬೇಕಾದದ್ದಕ್ಕಿಂತ ನಿಧಾನ. ಹೊರಳಿಸಿ ನೋಡೋಣ, ಏರದಿದ್ದರೆ ಆಪರೇಷನ್ ಥಿಯೇಟರ್ ಸಿದ್ಧ ಮಾಡಿ ಎಂದರು. ಆ ಕೋಣೆಯ ಆಯಾ ಎನ್ನುವ ಹಕ್ಕಿನಿಂದ ತಲೆಯ ಕಡೆ ನಿಂತಿದ್ದ ಫಿನಾಯಿಲಮ್ಮನಿಗೆ ಆಗ ಎಲ್ಲರ ಮೇಲಿದ್ದ ಅಸಡ್ಡೆಯೂ ತಿರುಗಿ ತನ್ನ ಮೇಲೇ ಬಂತು. ಆ ಮೇಜಿನಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಇಡೀ ಊರಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ದಿನಕ್ಕೆ ಹತ್ತು ಸಲ ಕೇಳಿಸಿಕೊಂಡ ಮಾತು. ಮನೆಯಲ್ಲಿ ಕೂತು ಒಂದು ಸಲ, ಅಲ್ಲಿ ನೋವು ಅಂತಲೇ ಹೇಳಬೇಕು ಮಗಳೇ ಎಂದಿದ್ದರೆ ಮುಗಿಯುತ್ತಿತ್ತು. ಮೇಡಂ ಸುಳ್ಳು ಹೇಳಿ ಕೆಡಿಸಿದಳು, ತಾನು ನಕ್ಕು ಕೆಡಿಸಿದಳು. ತಾನೇನು ಕಡಿಮೆ?

ಎಡಕ್ಕೆ ಹೊರಳಮ್ಮ ಎಂದು ಸಿಸ್ಟರ್ ಹೇಳಿ ಮುಗಿಸುವುದರೊಳಗೆ ಸೊಸೆ ಹೊರಳಿಯಾಗಿತ್ತು. ಬಲಮಂಡಿ ಮಡಚಿ, ಕೈ ತಲೆಯಡಿ ಇಟ್ಟು, ಉದ್ದನೆಯ ಉಸಿರು. ದಿನಾ ರಾತ್ರಿ ಚಾಪೆಯ ಮೇಲೆ ಮಾಡಿದ್ದೇ. ಯಂತ್ರದ ಸದ್ದು ಒಂದೆರಡು ನಿಮಿಷ ಹಾಗೇ ಇದ್ದು, ಆಮೇಲೆ ಏರಿತು. ಏರಿ ನಿಂತಿತು. ಡಾಕ್ಟರಮ್ಮ ತಲೆಯಾಡಿಸಿದರು. ಆ ಸುಳ್ಳಿಯ ಮಹಡಿಯಿಂದ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ಫಿನಾಯಿಲಮ್ಮ ಕಷಾಯ ನುಂಗಿದ ಹಾಗೆ ಅದನ್ನೂ ನುಂಗಿಕೊಂಡಳು.

ಮಗುವನ್ನು ಹೊರಕ್ಕೆ ತಳ್ಳಲು ಮುಕ್ಕುವ ಹೊತ್ತಿಗೆ ಕೋಣೆ ಸಂತೆಯಾಯಿತು. ಸಿಸ್ಟರ್ ಮುಕ್ಕು ಎನ್ನುತ್ತಾಳೆ, ತಲೆ ಕಾಣಿಸಿದ ಕೂಡಲೇ ಡಾಕ್ಟರಮ್ಮ ಬೇಡ ಬೇಡ ನಿಲ್ಲು ಎನ್ನುತ್ತಾರೆ, ಸಿಸ್ಟರ್‌ಗೆ ಅದು ಕೇಳಿಸದೆ ಮತ್ತೆ ಮುಕ್ಕು ಎನ್ನುತ್ತಾಳೆ. ಹುಡುಗಿಗೆ ಯಾರ ಮಾತು ಹಿಡಿಯಬೇಕೋ ತಿಳಿಯದೆ ಕಣ್ಣು ಮೇಲಾಯಿತು. ಫಿನಾಯಿಲಮ್ಮ ಅವಳ ಕಿವಿಗೆ ಬಾಗಿ ಬಸ್ಸಿನ ಮಾತಲ್ಲೇ ಹೇಳಿದಳು:

“ಹೋಲ್ಡಾನ್.”

ಸೊಸೆಯ ಇಡೀ ಮೈ ನಿಂತಿತು. ನಾಯಿಯ ಹಾಗೆ ಸಣ್ಣಗೆ ತೇಕುತ್ತ ತಡೆದಳು. ಡಾಕ್ಟರಮ್ಮ ಕೈ ಒತ್ತಿ ಹಿಡಿದು, ನಿಧಾನಕ್ಕೆ ದಾರಿ ಬಿಡಿಸಿ, ಈಗ ಎನ್ನುವ ಹಾಗೆ ಮುದುಕಿಯತ್ತ ಗಲ್ಲ ಎತ್ತಿದರು.

“ರೈಟ್,” ಎಂದಳು ಫಿನಾಯಿಲಮ್ಮ.

ಹನ್ನೊಂದೂ ಮುಕ್ಕಾಲಿಗೆ ಮಗು ಹೊರಗೆ ಬಿದ್ದು ಸಿಟ್ಟಿನಿಂದ ಕೂಗಿತು. ಕೆಳಗೆ ಎರಡು ಹೊಲಿಗೆ ಬಿತ್ತು. ಹೊಟ್ಟೆಗೆ ಯಾರೂ ಕತ್ತಿ ಹಚ್ಚಲಿಲ್ಲ.

ಒಂದು ಗಂಟೆ ಅಲ್ಲೇ ನೋಡಿಕೊಂಡು, ಗಾಲಿ ಮಂಚ ತಂದು, ತಾಯಿಯನ್ನು ವಾರ್ಡಿಗೆ ಸಾಗಿಸುತ್ತೇವೆಂದರು. ಸೊಸೆ ಎದ್ದು ಕೂತು, ಮೊದಲು ಮಗು ಎಂದಳು. ನೆಲದ ಮೇಲೆ ಇಳಿದು ನಿಂತು, ತೊಟ್ಟಿಲ ಬಳಿಗೆ ತಾನೇ ನಾಲ್ಕು ಹೆಜ್ಜೆ ನಡೆದು, ಬಾಗಿ, ಮಗುವನ್ನು ತಾನೇ ಎತ್ತಿಕೊಂಡಳು. ಸಿಸ್ಟರ್ ಪಕ್ಕದಲ್ಲಿ ಕೈ ಚಾಚಿ ನಿಂತಿದ್ದರೂ ಕೊಡಲಿಲ್ಲ. ಗಾಲಿ ಮಂಚದ ಮೇಲೆ ಕೂತು, ಮಗುವನ್ನು ಎದೆಗಿಟ್ಟುಕೊಂಡು, ಅತ್ತೆಯ ಕಡೆ ಒಂದು ಸಲ ನೋಡಿ ಹೊರಟುಹೋದಳು.

ಕೋಣೆ ಖಾಲಿಯಾಯಿತು. ನೆಲದ ಮೇಲೆ ರಕ್ತ, ನೀರು, ಹತ್ತಿ, ಕಳಚಿದ ಕೈಗವಸುಗಳು. ಸಿಸ್ಟರ್ ಬಾಗಿಲಲ್ಲಿ ನಿಂತು, ಇವತ್ತು ನೀವು ಬಿಡಿ ಅಜ್ಜಿ, ಮೊಮ್ಮಗುವಿನ ಹತ್ತಿರ ಹೋಗಿ, ಮಧ್ಯಾಹ್ನದ ಆಯಾ ಬಂದು ಒರೆಸುತ್ತಾಳೆ ಎಂದಳು. ಅವಳ ದನಿ ತಪ್ಪು ಮಾಡಿದವರ ಹಾಗೆ ಮೆತ್ತಗಿತ್ತು.

“ಅವಳು ಮೂಲೆ ಬಿಡ್ತಾಳೆ,” ಎಂದು ಫಿನಾಯಿಲಮ್ಮ ಬಕೆಟ್ಟು ತುಂಬಿಸಿಕೊಂಡಳು.

ಮಂಚದ ಕೆಳಗಿನಿಂದ ಶುರುಮಾಡಿದಳು. ಒಂದು ನೀರು, ಎರಡನೆಯ ನೀರು, ಮೂರನೆಯ ನೀರಿಗೆ ಔಷಧ. ಯಾವತ್ತೂ ಹಾಕದ ನಾಲ್ಕನೆಯ ನೀರನ್ನೂ ಹಾಕಿದಳು. ಅಷ್ಟರಲ್ಲಿ ಬೀಗದವನು ಬಾಗಿಲಿಗೆ ಬಂದ. ಮುಖ ಊದಿಕೊಂಡಿತ್ತು, ಅತ್ತಿರಬೇಕು. ಅಮ್ಮನನ್ನು ತಬ್ಬಿಕೊಳ್ಳುವುದಕ್ಕೋ ಏನೋ, ಒಂದು ಕಾಲನ್ನು ಹೊಸ್ತಿಲಿನ ಈಚೆಗೆ ಎತ್ತಿದ.

“ಅಲ್ಲೇ ನಿಂತ್ಕೋ,” ಎಂದಳು. “ನೆಲ ಒಣಗಲಿ.”

ಅವನು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟುಕೊಂಡು, ಅಮ್ಮ ಕೊನೆಯ ಮೂಲೆ ಮುಗಿಸುವವರೆಗೂ ಹೊರಗೇ ನಿಂತಿದ್ದ.