ಡೆಸ್ಕು ಕುಟ್ಟಿದ ಅಜ್ಜ ಅಜ್ಜಿಯರು

ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಬಂದು ಮೂರು ವರ್ಷ ಮನೆಯಲ್ಲೇ ಕೂತಿದ್ದವಳಿಗೆ ಕೊನೆಗೊಂದು ಕರೆ ಬಂತು. ಸಂಜೆ ಶಾಲೆಯೊಂದರಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸಬೇಕು; ಮೊದಲು ಒಂದು ಗಂಟೆ ಪಾಠ ಮಾಡಿ ತೋರಿಸಿ, ಆಮೇಲೆ ಕೆಲಸದ ಮಾತು ಎಂದರು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು ನಾನು. ಗಂಡನ ಕಾರು ಕಂಪನಿ ಕೆಲಸದ ಹಿಂದೆ ಬಂದು ಇಲ್ಲಿ ಬರೀ ಕುಕ್ಕರ್ ಜೊತೆ ಮಾತಾಡಿಕೊಂಡಿದ್ದೆ. ಈ ಕೆಲಸವೂ ಕೈ ತಪ್ಪಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು, ಸುಳ್ಳಲ್ಲ.

ಅವರು ಕೊಟ್ಟ ಪಾಠವೋ, ಎಂಥೆಂಥ ಮೇಷ್ಟ್ರುಗಳೂ ತಡವರಿಸುವಂಥದ್ದು: ಗುಂಪನ್ನೂ ಪ್ರಮಾಣವನ್ನೂ ಹೇಳುವ ನಾಮಪದಗಳಿಗೆ ಏಕವಚನದ ಕ್ರಿಯಾಪದವೋ ಬಹುವಚನದ್ದೋ ಎನ್ನುವುದು. ಎದುರಿಗೆ ಹತ್ತು ಹನ್ನೆರಡು ಜನ, ಹೆಚ್ಚಿನವರು ನಿವೃತ್ತರು. ಹಿಂದಿನ ಸಾಲಿನಲ್ಲಿ ಶಾಲೆಯ ಮುಖ್ಯಸ್ಥೆ ಕೈಕಟ್ಟಿ ಕೂತಿದ್ದರು, ನಗುವಿನ ಸುಳಿವೇ ಇಲ್ಲ.

ರಾಶಿ ಅಕ್ಕಿ ಇದ್ದರೆ 'ಇಸ್', ರಾಶಿ ನೆಂಟರು ಬಂದರೆ 'ಆರ್' ಎಂದು ಬೋರ್ಡಿನ ಮೇಲೆ ಬರೆದೆ. 'ಎ ಲಾಟ್ ಆಫ್' ಎರಡಕ್ಕೂ ಇದೆ, ಅದನ್ನು ನಂಬಬೇಡಿ, ಅದರ ನಂತರ ಬರುವುದನ್ನು ನೋಡಿ ಎಂದೆ. ಟೀಮು ಒಂದೇ ಮನಸ್ಸಿನಿಂದ ಆಡಿದರೆ ಇಸ್. ಒಳಗೊಳಗೇ ಜಗಳಾಡಿಕೊಂಡರೆ ಬ್ರಿಟಿಷರು ಆರ್ ಎನ್ನುತ್ತಾರೆ. ಬಿಳಿ ಮೀಸೆಯ ಅಜ್ಜ ಒಬ್ಬರು ಕೈ ಎತ್ತಿದರು. ಜರ್ಮನ್‌ನಲ್ಲಿ ಪೊಲೀಸ್ ಎಂದರೆ ಏಕವಚನ, ಇಂಗ್ಲಿಷಿನಲ್ಲಿ ಮಾತ್ರ ಬಹುವಚನ ಯಾಕೆ ಎಂದು ಕೇಳಿದರು.

"ಅಷ್ಟಕ್ಕೇ ಗಾಬರಿಯಾದರೆ ಹೇಗೆ? ನಮ್ಮ ಭಾಷೆಯಲ್ಲಿ ನಮ್ಮ ಮಾವ ಒಬ್ಬರೇ ಬಂದರೂ ಬಹುವಚನ!" ಎಂದೆ.

"ಅವರು ಅಷ್ಟು ದಪ್ಪವೇ?" ಎಂದರು ಅಜ್ಜ.

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಂಟೆ ಮುಗಿಯಿತು. ಥ್ಯಾಂಕ್ಯೂ ಎಂದೆ. ಟಕಟಕಟಕ! ಎಲ್ಲರೂ ಡೆಸ್ಕು ಕುಟ್ಟತೊಡಗಿದರು. ಮುಖ್ಯಸ್ಥೆಯೂ!

ನಮ್ಮ ಕಾಲೇಜುಗಳಲ್ಲಿ ಡೆಸ್ಕು ಕುಟ್ಟಿದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕೆ? ಸಾಕು, ಎದ್ದು ಹೋಗಿ ಅಂತ. ಹೊಸ ಲೆಕ್ಚರರುಗಳು ಆ ಸದ್ದಿಗೆ ಸ್ಟಾಫ್ ರೂಮಿಗೆ ಓಡಿ ಬಂದು ಅತ್ತಿದ್ದನ್ನು ಕಣ್ಣಾರೆ ಕಂಡವಳು ನಾನು. ನನಗೆ ಆ ಗತಿ ಒಮ್ಮೆಯೂ ಬಂದಿರಲಿಲ್ಲ. ಈಗ ಜರ್ಮನಿಯಲ್ಲಿ, ಅದೂ ಅಜ್ಜ ಅಜ್ಜಿಯರ ಕೈಯಲ್ಲಿ! ಬ್ಯಾಗು ಎತ್ತಿಕೊಂಡವಳೇ ಹೊರಗೆ ಓಡಿದೆ. ಮೆಟ್ಟಿಲ ಬಳಿ ನಿಂತು ಗಂಡನಿಗೆ ಫೋನ್ ಮಾಡಿದೆ.

"ರೀ, ಎಲ್ಲಾ ಹೋಯ್ತು ಕಣ್ರೀ. ಡೆಸ್ಕು ಕುಟ್ಟಿ ಓಡಿಸಿಬಿಟ್ರು."

"ಬೆರಳ ಗೆಣ್ಣಲ್ಲಿ ಕುಟ್ಟಿದ್ರಾ?"

"ಹೆಂಗೆ ಕುಟ್ಟಿದ್ರೇನು, ಮಾನ ಹೋಯ್ತಲ್ಲ!"

ಆ ಕಡೆಯಿಂದ ನಗು. ನಿಲ್ಲುತ್ತಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

"ಲೇ ಪೆದ್ದೀ, ಪಾಠ ಇಷ್ಟ ಆದ್ರೆ ಇಲ್ಲಿಯೋರು ಹಾಗೇ ಕಣೇ ಕುಟ್ಟೋದು. ಅದೇ ಅವರ ಚಪ್ಪಾಳೆ. ಓಡು ಒಳಗೆ!"

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿಮಗೆ?" ಎಂದು ಬೈದು ಫೋನ್ ಇಟ್ಟೆ.

ಒಳಗೆ ಹೋದರೆ ಯಾರೂ ಎದ್ದಿರಲಿಲ್ಲ. ಅಜ್ಜನ ಮುಖ ಬಾಡಿತ್ತು. ಮಾವನ ವಿಷಯದಲ್ಲಿ ತಮಾಷೆ ಮಾಡಿ ನನ್ನನ್ನು ನೋಯಿಸಿದರೆಂದು ಉಳಿದವರೆಲ್ಲ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅಯ್ಯೋ ಪಾಪ! ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಮೊದಲು ನಕ್ಕವರು ಮುಖ್ಯಸ್ಥೆಯೇ, ಕಣ್ಣಲ್ಲಿ ನೀರು ಬರುವಷ್ಟು.

"ಸೋಮವಾರದಿಂದ ಬನ್ನಿ. ಆದರೆ ಹೀಗೆ ಓಡಬೇಡಿ," ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ಬೋರ್ಡಿನ ಮುಂದೆ ಹೋಗಿ ನಿಂತೆ.

"ದಯವಿಟ್ಟು ಇನ್ನೊಂದು ಸಲ ಕುಟ್ಟಿ," ಎಂದೆ. "ಈ ಸಲ ಪೂರ್ತಿ ಕೇಳುತ್ತೇನೆ."