ಕಾಣೆಯಾದ ಮೂವತ್ತೆಂಟು ರಿಪೋರ್ಟು

ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ಸರ್ವರಕ್ಕ, ಅಂದರೆ ಕಂಪ್ಯೂಟರಿನ ಸರ್ವರ್ ನೋಡಿಕೊಳ್ಳುವ ಅಕ್ಕ. ಹನ್ನೆರಡು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಟೆಲಿಫೋನ್ ಬೋರ್ಡು ಗುಜರಿಗೆ ಹೋದಾಗ ಆಡಳಿತದವರು "ವೈರು ನಿಮಗೆ ಗೊತ್ತಲ್ಲ" ಎಂದು ಕಂಪ್ಯೂಟರುಗಳನ್ನೂ ಆಕೆಯ ತಲೆಗೆ ಕಟ್ಟಿದರು. ತರಬೇತಿ? ಒಂದು ದಿನದ್ದೂ ಇಲ್ಲ. ಮಗಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ತಾವೂ ಓದಿ ಕಲಿತರು.

ಲ್ಯಾಬಿನ ಕಂಪ್ಯೂಟರಿನಲ್ಲಿ ಒಂದು ಖಾಲಿ ಫೋಲ್ಡರ್. ಅದರ ಮೇಲೆ ಸರ್ವರಿನ, ಅಂದರೆ ಇಡೀ ಆಸ್ಪತ್ರೆಗೆ ಒಂದೇ ಆದ ದೊಡ್ಡ ಕಂಪ್ಯೂಟರಿನ, ಫೋಲ್ಡರನ್ನು ಜೋಡಿಸಿದರೆ, ಅಲ್ಲಿ ಹಾಕಿದ ರಿಪೋರ್ಟು ವಾರ್ಡಿಗೂ ಆಪರೇಷನ್ ಕೋಣೆಗೂ ಕಾಣುತ್ತದೆ. ಕರೆಂಟು ಹೋಗಿ ಬಂದರೆ ಮಾತ್ರ ಜೋಡಣೆ ತಾನಾಗಿ ಕೂರುವುದಿಲ್ಲ. ಸರಿ ಮಾಡಲು ಅನುಮತಿ ಕೊಡಿ ಎಂದು ಮೂರು ಸಲ ಬರೆದುಕೊಟ್ಟರು. ಅಧೀಕ್ಷಕರು, "ನಡೀತಾ ಇದೆಯಲ್ಲಮ್ಮ, ಇಲ್ಲದ ತುರಿಕೆ ಯಾಕೆ?" ಅಂದರು.

ಮೊನ್ನೆ ಬೆಳಿಗ್ಗೆ ಕರೆಂಟು ಹೋಗಿ ಬಂತು. ಹತ್ತೂವರೆಗೆ ವಾರ್ಡಿನಿಂದ ದೂರು: ಇವತ್ತಿನ ರಿಪೋರ್ಟೇ ಬಂದಿಲ್ಲ. ಸರ್ವರಕ್ಕ ಎಂದಿನಂತೆ ಕೈಯಿಂದ ಜೋಡಿಸಿದರು. ಅಷ್ಟರಲ್ಲೇ ಲ್ಯಾಬಿನ ಟೆಕ್ನಿಶಿಯನ್ ಓಡಿಬಂದ.

"ಅಕ್ಕಾ, ಬೆಳಿಗ್ಗೆಯಿಂದ ಹಾಕಿದ್ದ ಮೂವತ್ತೆಂಟೂ ಮಾಯ! ಈಗ ತಾನೇ ಇತ್ತು!"

"ಅಳಿಸಿದ್ಯೇನೋ ಪುಣ್ಯಾತ್ಮ?"

"ನಾನ್ಯಾಕೆ ಅಳಿಸ್ಲಿ? ಹನ್ನೊಂದಕ್ಕೆ ಆಪರೇಷನ್ ಇರೋ ಹೆಂಗಸಿಂದೂ ಅದ್ರಲ್ಲೇ ಇದೆ. ಅವರ ರಕ್ತ ಹೆಪ್ಪುಗಟ್ಟಲ್ಲ ಅಕ್ಕಾ. ಚಾಕು ಹಾಕಿದ್ರೆ ನಿಲ್ಲಲ್ಲ! ಆಪರೇಷನ್ ಕೋಣೆಗೆ ಫೋನ್ ಮಾಡಿದ್ರೆ, ಹೋದ ವಾರದ ರಿಪೋರ್ಟ್ ನಾರ್ಮಲ್ ಇದೆ, ಹೊಸದಿದ್ರೆ ತೋರ್ಸು ಅಂತಾರೆ."

ಮನುಷ್ಯನ ಬಾಯಿಗೆ ಬೆಲೆಯಿಲ್ಲ, ಪರದೆಗೆ ಇದೆ. ಮತ್ತೆ ಪರೀಕ್ಷೆ ಮಾಡಲು ಮುಕ್ಕಾಲು ಗಂಟೆ. ಗಡಿಯಾರದಲ್ಲಿ ಹತ್ತು ನಲವತ್ತೆಂಟು.

ಸರ್ವರಿನಲ್ಲಿ ಹುಡುಕಿದರು. ಇಲ್ಲ. ಆಗ ಹೊಳೆಯಿತು: ಬೆಳಿಗ್ಗೆ ಜೋಡಣೆಯೇ ಇರಲಿಲ್ಲ. ರಿಪೋರ್ಟುಗಳೆಲ್ಲ ಲ್ಯಾಬಿನ ಖಾಲಿ ಫೋಲ್ಡರಿಗೇ ಬಿದ್ದಿವೆ. ನೆಲದ ಮೇಲೆ ಹರಡಿದ ಕಾಗದದ ಮೇಲೆ ಚಾಪೆ ಹಾಸಿದಂತೆ, ಅವುಗಳ ಮೇಲೆ ಸರ್ವರನ್ನು ಹಾಸಿದ್ದು ತಾವೇ.

ಲ್ಯಾಬಿಗೆ ಓಡಿದರು. ಜೋಡಣೆ ಬಿಚ್ಚಲು ಹೋದರೆ ಅಲ್ಲಿನ ಯಂತ್ರ ಒಪ್ಪಲಿಲ್ಲ. ಯಾರೋ ಆ ಫೋಲ್ಡರ್ ತೆರೆದುಕೊಂಡಿದ್ದಾರೆ.

"ಎಲ್ಲಾ ಮುಚ್ರೋ! ತೆರೆದಿರೋದೆಲ್ಲಾ ಮುಚ್ರೋ!" ಕೂಗುವಾಗ ಆಕೆಯ ದನಿ ಆಕೆಗೇ ಗುರುತು ಸಿಗಲಿಲ್ಲವಂತೆ.

ಬಿಚ್ಚಿತು. ಮೂವತ್ತೆಂಟೂ ಅಲ್ಲೇ ಇದ್ದವು. ಟೆಕ್ನಿಶಿಯನ್ ಆ ಹೆಂಗಸಿನ ರಿಪೋರ್ಟು ಪ್ರಿಂಟ್ ತೆಗೆದು, ಕಾಗದ ಹಿಡಿದು ಮೆಟ್ಟಿಲು ಹಾರಿ ಓಡಿದ. ಸರ್ವರಕ್ಕ ಫೋನಿನ ಮುಂದೆ ಕೂತರು. ನಾಲ್ಕು ನಿಮಿಷ ಅದು ಬಡಿದುಕೊಳ್ಳಲಿಲ್ಲ. ಆಮೇಲೆ ನರ್ಸ್: "ಇನ್ನೂ ಚಾಕು ಹಾಕಿರ್ಲಿಲ್ಲ ಅಕ್ಕಾ. ನಿಲ್ಸಿದ್ರು."

ಮಧ್ಯಾಹ್ನ ಯಾರನ್ನೂ ಕೇಳದೆ ಆ ಖಾಲಿ ಫೋಲ್ಡರಿಗೆ ಬೀಗ ಹಾಕಿದರು. ಜೋಡಣೆ ಇದ್ದಾಗ ಬೀಗ ಚಾಪೆಯ ಅಡಿಗೇ ಉಳಿಯುತ್ತದೆ; ಇನ್ನು ಜೋಡಣೆ ಇಲ್ಲದಿದ್ದರೆ ರಿಪೋರ್ಟು ಒಳಗೇ ಹೋಗುವುದಿಲ್ಲ. ಲ್ಯಾಬಿನವರು ತಕ್ಷಣ ಬೊಬ್ಬೆ ಹಾಕುತ್ತಾರೆ. ಸಂಜೆಗೆ ಅಧೀಕ್ಷಕರ ನೋಟಿಸು: ಅನುಮತಿಯಿಲ್ಲದೆ ವ್ಯವಸ್ಥೆ ಬದಲಿಸಿದ್ದೇಕೆ?

ಸರ್ವರಕ್ಕ ತೋರಿಸಿದರು, ನಾನು ಓದಿದೆ. ಎರಡು ಪುಟ. ಮೇಜಿನ ಮೇಲೆ ಮಲಗಿದ್ದ ಹೆಂಗಸಿನ ಬಗ್ಗೆ ಒಂದಕ್ಷರವಿಲ್ಲ. ಸರ್ವರಕ್ಕ ಇನ್ನೂ ಉತ್ತರ ಬರೆದಿಲ್ಲ. ಪೆನ್ನು ಹಿಡಿದರೆ ನೋಟಿಸು ನೆನಪಿಗೆ ಬರುವುದಿಲ್ಲವಂತೆ, ಆ ನಾಲ್ಕು ನಿಮಿಷವೇ ಬರುತ್ತದಂತೆ.