ಅರವತ್ತಕ್ಕಿಳಿದ ಮುಳ್ಳು

ಎಂಬತ್ತರ ದಶಕದಲ್ಲಿ ತಿ. ನರಸೀಪುರದಾಚೆಯ ಬಯಲೇ ನಮ್ಮ ಕಾರ್ ರೇಸಿನ ಟ್ರ್ಯಾಕು. ನನ್ನ ಹಳೆಯ ಕಾರಿನಲ್ಲಿ ನೀರಿನ ಬಿಸಿ ತೋರಿಸಲು ಎರಡು ಮೀಟರಿದ್ದವು. ಒಂದು ಇಂಜಿನ್ನಿನದು, ಕಾರಿನ ಜೊತೆಗೇ ಬಂದದ್ದು. ಇನ್ನೊಂದನ್ನು ನಂಜನಗೂಡಿನ ನನ್ನ ಮೆಕ್ಯಾನಿಕ್ ಲಾರಿಯೊಂದರಿಂದ ಬಿಚ್ಚಿ ತಂದು ರೇಡಿಯೇಟರಿನ ನೆತ್ತಿಗೆ ಕೂರಿಸಿದ್ದ. ಅದಕ್ಕೂ ಮುಂಚೆ ಎರಡರ ತುದಿಯನ್ನೂ ಅವನ ಮನೆಯ ಅನ್ನದ ಪಾತ್ರೆಯ ಕುದಿನೀರಿಗೆ ಅದ್ದಿ, ಎರಡೂ ನೂರು ತೋರಿಸಿದ್ದನ್ನು ನೋಡಿದ್ದೆವು.

ಆ ದಿನ ಐದನೇ ಸುತ್ತಿನಲ್ಲಿ ಇಂಜಿನ್ನಿನ ಮುಳ್ಳು ನೂರಹತ್ತು ದಾಟಿತು, ಲಾರಿಯದು ಅರವತ್ತಕ್ಕೆ ಇಳಿಯಿತು. ನನ್ನ ಮುಂದೆ ಇದ್ದದ್ದು ಒಂದೇ ಕಾರು. ನನಗೆ ಬೇಕಾದ್ದನ್ನು ಹೇಳಿದ ಮುಳ್ಳನ್ನು ನಂಬಿ ಆಕ್ಸಿಲರೇಟರನ್ನು ಇನ್ನೂ ಜೋರಾಗಿ ಒತ್ತಿದೆ. ಮೆಕ್ಯಾನಿಕ್ ಟವೆಲ್ ಬೀಸುತ್ತಾ ದಾರಿಗೇ ಅಡ್ಡ ಬಂದ.

"ಅರವತ್ತೇ ಇದೆ ಕಣಯ್ಯ, ದಾರಿ ಬಿಡು," ಎಂದು ಬ್ರೇಕ್ ಹಾಕಿ ರೇಗಿದೆ.

"ನಿಮ್ ನೀರೆಲ್ಲ ಟ್ರ್ಯಾಕ್ ಮ್ಯಾಲೆ ಅದೆ ಸಾ. ನೆತ್ತೀಲಿ ಬರೀ ಗಾಳಿ. ಅದು ಗಾಳಿ ಬಿಸಿ ಹೇಳ್ತಾ ಅದೆ," ಎಂದ. ತಿರುಗಿ ನೋಡಿದರೆ ಧೂಳಿನ ಮೇಲೆ ಉದ್ದಕ್ಕೂ ಒದ್ದೆ ಗೆರೆ.

ಇಂಜಿನ್ ತಣಿಸಿ, ಸೋರುತ್ತಿದ್ದ ಪೈಪು ಬಿಗಿದು, ನೀರು ತುಂಬಿಸುವಷ್ಟರಲ್ಲಿ ರೇಸು ಮುಗಿದೇ ಹೋಗಿತ್ತು. ಆದರೂ ಒಂದು ಸುತ್ತು ಹೊರಟೆ. ಲಾರಿಯ ಮುಳ್ಳು ಅರವತ್ತು ದಾಟಿ ಎಂಬತ್ತಕ್ಕೆ ಏರಿತು. ಬಿಸಿ ಏರಿದ್ದಕ್ಕೆ ಸೀಟಿನಲ್ಲೇ ಕುಣಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.